ವ್ಯಾಲೆಟ್ ಸೊನ್ನೆ ತೋರಿಸಿದ ಗಳಿಗೆ

ಬೀರುವಿನ ಮೇಲಿನ ಅರೆಯಲ್ಲಿ ಏಳೆಂಟು ವರ್ಷ ದೂಳು ತಿಂದ ಲ್ಯಾಪ್‌ಟಾಪ್‌ಗಳು ಈಗ ಕೆಳಗಿಳಿಯುತ್ತಿವೆ. 2017ರ ಭರಾಟೆಯಲ್ಲಿ ಹತ್ತಿಪ್ಪತ್ತು ಸಾವಿರ ಹಾಕಿ ಬಿಟ್‌ಕಾಯಿನ್‌ನ ಒಂದು ಚೂರು ಕೊಂಡು ಮರೆತಿದ್ದವರಿಗೆ, 2024ರ ಡಿಸೆಂಬರ್‌ನಲ್ಲಿ ಅದರ ಬೆಲೆ ಮೊದಲ ಬಾರಿಗೆ ಲಕ್ಷ ಡಾಲರ್ ದಾಟಿದಾಗ ನೆನಪು ಮರಳಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಹಳೆಯ ಯಂತ್ರದ ಫೈಲುಗಳನ್ನು ಹೊಸದಕ್ಕೆ ಸಾಗಿಸಲು ಕೂತವರ ಕಣ್ಣಿಗೆ ಮೂಲೆಯಲ್ಲಿದ್ದ ವ್ಯಾಲೆಟ್‌ನ ಐಕಾನ್ ಬೀಳುತ್ತಿದೆ. ಇನ್ನೊಂದು ಗುಂಪು ಹೊಸಬರದು. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳುವಾದ ಮೇಲೆ, ‘ನಮ್ಮದು ನಮ್ಮ ಕೈಯಲ್ಲೇ ಇರಲಿ’ ಎಂದು ಮನೆಯ ಕಂಪ್ಯೂಟರಿಗೇ ವ್ಯಾಲೆಟ್ ಇಳಿಸಿಕೊಂಡವರು ಇವರು.

ಈ ಇಬ್ಬರೂ ಒಂದೇ ಪರದೆಯ ಮುಂದೆ ಬಂದು ನಿಲ್ಲುತ್ತಾರೆ. ವ್ಯಾಲೆಟ್ ತೆರೆದುಕೊಳ್ಳುತ್ತದೆ, ಕೆಳಗೆ ‘ಸಿಂಕ್ರೊನೈಸಿಂಗ್’ ಎಂಬ ಪಟ್ಟಿ ಅಲ್ಲಾಡದೆ ನಿಂತಿರುತ್ತದೆ, ಬ್ಯಾಲೆನ್ಸ್ ಜಾಗದಲ್ಲಿ ಸೊನ್ನೆ. ಎದೆ ಧಸಕ್ಕೆನ್ನುತ್ತದೆ. ಗೂಗಲ್‌ನಲ್ಲಿ ‘ವ್ಯಾಲೆಟ್ ಸಿಂಕ್ ಆಗುತ್ತಿಲ್ಲ’ ಎಂದು ಹುಡುಕಾಟ ಶುರು. ನಾಣ್ಯ ಕಳೆದುಹೋಗುವುದು ಇದಾದ ನಂತರದ ಅರ್ಧ ಗಂಟೆಯಲ್ಲಿ. ಸಿಂಕ್ ತೊಂದರೆ ತಾನಾಗಿ ಯಾರ ದುಡ್ಡನ್ನೂ ತಿನ್ನುವುದಿಲ್ಲ. ಆದರೆ ಆ ತೊಂದರೆಗೆ ಪರಿಹಾರ ಹುಡುಕಿ ಬರುವವರಿಗಾಗಿಯೇ ಒಂದು ದಂಧೆ ಹೊಂಚು ಹಾಕಿ ಕೂತಿದೆ. ಹಳೆಯ ವ್ಯಾಲೆಟ್‌ಗಳು ಹೀಗೆ ಒಟ್ಟೊಟ್ಟಿಗೆ ಏಳುತ್ತಿರುವ ಹೊತ್ತಿನಲ್ಲಿ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮೊದಲು ಸೊನ್ನೆಯ ವಿಚಾರ. ನಾಣ್ಯ ಲ್ಯಾಪ್‌ಟಾಪ್ ಒಳಗಿಲ್ಲ. ಅಲ್ಲಿರುವುದು ಅದನ್ನು ಖರ್ಚು ಮಾಡಲು ಬೇಕಾದ ಗುಪ್ತ ಕೀ ಮಾತ್ರ. ನಾಣ್ಯ ಯಾವ ವಿಳಾಸದಲ್ಲಿದೆ ಎಂಬ ಲೆಕ್ಕ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಜಗತ್ತಿನ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಏಕಕಾಲಕ್ಕೆ ಇದೆ. ವ್ಯಾಲೆಟ್ ಆ ಲೆಕ್ಕವನ್ನು ಓದಿ, ತನ್ನ ಕೀಗೆ ಸೇರಿದ್ದೆಷ್ಟು ಎಂದು ಕೂಡಿಸಿ ತೋರಿಸುತ್ತದೆ. ಓದು ಮುಗಿಯದಿದ್ದರೆ ತಪ್ಪು ಮೊತ್ತ ತೋರಿಸುತ್ತದೆ, ಅಷ್ಟೆ. ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿಲ್ಲ ಎಂದ ಮಾತ್ರಕ್ಕೆ ಖಾತೆಯ ಹಣ ಕರಗುವುದಿಲ್ಲವಲ್ಲ. ಯಾರಾದರೂ ಈ ಮಧ್ಯೆ ನಾಣ್ಯ ಕಳಿಸಿದ್ದರೆ ಅದೂ ಬಂದು ಸೇರಿರುತ್ತದೆ, ಕಾಣಿಸುವುದು ಮಾತ್ರ ತಡ.

ಈ ಓದು ಎಷ್ಟು ದೊಡ್ಡದು ಎಂಬುದು ವ್ಯಾಲೆಟ್‌ನ ಜಾತಿಯ ಮೇಲೆ ನಿಂತಿದೆ. ಬಿಟ್‌ಕಾಯಿನ್ ಕೋರ್ ಎಂಬ ಮೂಲ ತಂತ್ರಾಂಶ ಯಾರ ಮಾತನ್ನೂ ನಂಬದ ಸ್ವಭಾವದ್ದು. 2009ರ ಜನವರಿ 3ರ ಮೊದಲ ಬ್ಲಾಕಿನಿಂದ (ಬ್ಲಾಕ್ ಎಂದರೆ ವಹಿವಾಟುಗಳ ಒಂದು ಕಟ್ಟು) ಹಿಡಿದು ಈ ಕ್ಷಣದವರೆಗಿನ ಅಷ್ಟೂ ಬ್ಲಾಕುಗಳನ್ನು ಇಳಿಸಿಕೊಂಡು ತಾನೇ ತಾಳೆ ನೋಡುತ್ತದೆ. ಅದರ ಗಾತ್ರ 600 ಜಿಬಿ ಮೀರಿ ಎಷ್ಟೋ ಕಾಲವಾಯಿತು. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್‌ನಿಂದ ಹಾಟ್‌ಸ್ಪಾಟ್ ಕೊಟ್ಟು ಕೂತರೆ 300 ದಿನ ಬೇಕು. ಅಷ್ಟರಲ್ಲಿ, ಸುಮಾರು 10 ನಿಮಿಷಕ್ಕೊಂದರಂತೆ ದಿನಕ್ಕೆ 144 ಹೊಸ ಬ್ಲಾಕ್ ಸೇರುತ್ತಲೇ ಹೋಗುತ್ತವೆ. ‘ಪ್ರೂನಿಂಗ್’ ಆಯ್ದುಕೊಂಡರೆ ಹಳೆಯ ಬ್ಲಾಕುಗಳನ್ನು ಅಳಿಸುತ್ತಾ ಹೋಗುವುದರಿಂದ ಡಿಸ್ಕ್‌ನಲ್ಲಿ ಜಾಗ ಉಳಿಯುತ್ತದೆ, ಆದರೆ ಇಳಿಸಿಕೊಳ್ಳುವ ಹೊರೆಯಲ್ಲಿ ಒಂದು ಜಿಬಿಯೂ ಕಡಿಮೆಯಾಗದು. ಇದು ಗೊತ್ತಿಲ್ಲದೆ ಬಹಳ ಮಂದಿ ಡೇಟಾ ಪ್ಯಾಕ್ ಖಾಲಿ ಮಾಡಿಕೊಳ್ಳುತ್ತಾರೆ.

ಹಳೆಯ ಯಂತ್ರಗಳಲ್ಲಿ ಇದಕ್ಕಿಂತ ಸಣ್ಣ, ಆದರೆ ಪತ್ತೆಗೆ ಸಿಗದ ಕಾರಣಗಳಿವೆ. ಅದರಲ್ಲಿ ನನಗೆ ಅತ್ಯಂತ ಸೋಜಿಗದ್ದು ಗಡಿಯಾರ. ವರ್ಷಗಟ್ಟಲೆ ಕರೆಂಟು ಕಾಣದ ಲ್ಯಾಪ್‌ಟಾಪ್‌ನ ಮದರ್‌ಬೋರ್ಡ್ ಮೇಲಿನ ಗುಂಡಿಯಂಥ ಬ್ಯಾಟರಿ ಸತ್ತಿರುತ್ತದೆ. ಯಂತ್ರ ಎದ್ದಾಗ ತಾನು ಇನ್ನೂ 2015ರಲ್ಲೋ 2012ರಲ್ಲೋ ಇದ್ದೇನೆಂದು ತಿಳಿಯುತ್ತದೆ. ಬಿಟ್‌ಕಾಯಿನ್ ನೋಡ್‌ಗಳ, ಅಂದರೆ ಬ್ಲಾಕುಗಳನ್ನು ತಾವೇ ತಾಳೆ ನೋಡುವ ಯಂತ್ರಗಳ, ಒಂದು ನಿಯಮವೆಂದರೆ, ತಮ್ಮ ಗಡಿಯಾರಕ್ಕಿಂತ ಎರಡು ಗಂಟೆಗೂ ಹೆಚ್ಚು ಮುಂದಿನ ಸಮಯ ಹೊತ್ತ ಬ್ಲಾಕನ್ನು ಒಪ್ಪಬಾರದು. ಹಾಗಾಗಿ 2015ರಲ್ಲಿ ನಿಂತ ಯಂತ್ರ 2015ರ ನಂತರದ ಬ್ಲಾಕನ್ನೆಲ್ಲ ಭವಿಷ್ಯದ್ದೆಂದು ತಿರಸ್ಕರಿಸುತ್ತಾ ಕೂರುತ್ತದೆ. ಮಾಲೀಕರು ಇಂಟರ್‌ನೆಟ್ ಬದಲಿಸುತ್ತಾರೆ, ರೂಟರ್ ಬದಲಿಸುತ್ತಾರೆ, ಪರದೆಯ ಬಲ ಮೂಲೆಯ ತಾರೀಕನ್ನು ಮಾತ್ರ ನೋಡುವುದಿಲ್ಲ. ಹಗುರ ವ್ಯಾಲೆಟ್‌ಗಳಲ್ಲೂ ತಾರೀಕು ತಪ್ಪಿದರೆ ಸರ್ವರ್‌ನ ಭದ್ರತಾ ಪ್ರಮಾಣಪತ್ರ ತಾಳೆಯಾಗದೆ ಸಂಪರ್ಕವೇ ಸಿಗದಿರಬಹುದು.

ಉಳಿದವು ನಮ್ಮ ಊರುಗಳಿಗೆ ಹೊಸತೇನಲ್ಲ. ಬ್ಲಾಕ್ ಬರೆಯುವ ಮಧ್ಯೆ ಕರೆಂಟು ಹೋದರೆ ಡೇಟಾಬೇಸ್ ಕೆಡುತ್ತದೆ, ಮುಂದಿನ ಬಾರಿ ‘ಮತ್ತೆ ಕಟ್ಟಲೇ’ ಎಂದು ಕೇಳುತ್ತದೆ. ಹೂಂ ಎನ್ನಬಹುದು, ಅದರಿಂದ ಕೀಗೆ ಅಪಾಯವಿಲ್ಲ. ಡಿಸ್ಕ್ ತುಂಬಿದರೆ ಸಿಂಕ್ ನಿಲ್ಲುತ್ತದೆ. ತಿರುಗುವ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ವಾರಗಟ್ಟಲೆ ತೆವಳುವ ಕೆಲಸ ಎಸ್‌ಎಸ್‌ಡಿಯಲ್ಲಿ ಕೆಲವೇ ದಿನಕ್ಕೆ ಮುಗಿಯಬಹುದು. ಆ್ಯಂಟಿವೈರಸ್ ಕೂಡ ಅಡ್ಡಗಾಲು ಹಾಕುವುದುಂಟು. 2014ರಲ್ಲಿ ಯಾರೋ ಕಿಡಿಗೇಡಿ, ಡಾಸ್ ಕಾಲದ ‘ಸ್ಟೋನ್ಡ್’ ವೈರಸ್‌ನ ಗುರುತಿನ ಅಕ್ಷರಗಳನ್ನು ಬಿಟ್‌ಕಾಯಿನ್ ವಹಿವಾಟಿನಲ್ಲಿ ತುರುಕಿದ್ದ. ವೈರಸ್ ಇರಲಿಲ್ಲ, ಗುರುತು ಮಾತ್ರ. ಮೈಕ್ರೋಸಾಫ್ಟ್‌ನ ಆ್ಯಂಟಿವೈರಸ್ ಬ್ಲಾಕ್‌ಚೈನ್ ಫೈಲನ್ನೇ ಹಿಡಿದು ಕಿರುಚತೊಡಗಿತ್ತು. ಹಾಗೆಂದು ಇಂದು ಯಾರಾದರೂ ‘ಸಿಂಕ್ ಆಗಬೇಕಾದರೆ ಆ್ಯಂಟಿವೈರಸ್ ಪೂರ್ತಿ ಆಫ್ ಮಾಡಿ’ ಎಂದರೆ ಕೇಳಬಾರದು. ಬ್ಲಾಕುಗಳಿರುವ ಫೋಲ್ಡರ್ ಒಂದಕ್ಕೆ ವಿನಾಯಿತಿ ಕೊಟ್ಟರೆ ಸಾಕು.

ಎಲೆಕ್ಟ್ರಮ್‌ನಂಥ ಹಗುರ ವ್ಯಾಲೆಟ್‌ಗಳ ಕಥೆ ಬೇರೆ. 2011ರಲ್ಲಿ ಥಾಮಸ್ ವೋಗ್ಟ್‌ಲಿನ್ ರೂಪಿಸಿದ ಈ ವ್ಯಾಲೆಟ್ ಪೂರ್ತಿ ಬ್ಲಾಕುಗಳನ್ನು ತರಿಸುವುದಿಲ್ಲ. ಪ್ರತಿ ಬ್ಲಾಕಿನ 80 ಬೈಟ್‌ಗಳ ತಲೆಬರಹ ತರಿಸಿ, ಉಳಿದದ್ದನ್ನು ಸರ್ವರ್‌ಗಳನ್ನು ಕೇಳಿ ತಿಳಿಯುತ್ತದೆ. ನಿಮಿಷಗಳಲ್ಲಿ ಸಿಂಕ್. ಕಿಟಕಿಯ ಕೆಳಗಿನ ಬಲ ಮೂಲೆಯ ಚುಕ್ಕಿ ಹಸಿರಿದ್ದರೆ ಸಂಪರ್ಕವಿದೆ, ಕೆಂಪಿದ್ದರೆ ಇಲ್ಲ. ಆದರೆ ಆ ಸರ್ವರ್‌ಗಳನ್ನು ಯಾರು ಬೇಕಾದರೂ ನಡೆಸಬಹುದು. ಬಾಗಿಲು ತೆರೆದಿದ್ದದ್ದು ಇಲ್ಲೇ.

2018ರ ಡಿಸೆಂಬರ್ ಕೊನೆಯಲ್ಲಿ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಳ್ಳರು ತಮ್ಮದೇ ಸರ್ವರ್‌ಗಳನ್ನು ಗುಂಪುಗುಂಪಾಗಿ ಜಾಲಕ್ಕೆ ಸೇರಿಸಿದರು. ಬಳಕೆದಾರ ನಾಣ್ಯ ಕಳಿಸಲು ಒತ್ತಿದಾಗ, ಕಳ್ಳ ಸರ್ವರ್ ಅದನ್ನು ಮುಂದಕ್ಕೆ ದಾಟಿಸದೆ ದೋಷದ ಸಂದೇಶ ಹಿಂದಿರುಗಿಸಿತು. ಸರ್ವರ್ ಏನು ಕಳಿಸಿದರೂ ಅದನ್ನು ಎಲೆಕ್ಟ್ರಮ್ ತನ್ನದೇ ಕಿಟಕಿಯಲ್ಲಿ, ಅಚ್ಚುಕಟ್ಟಾದ ಅಕ್ಷರಗಳಲ್ಲಿ, ಒತ್ತಬಹುದಾದ ಕೊಂಡಿಯ ಸಮೇತ ತೋರಿಸುತ್ತಿತ್ತು. ಸಂದೇಶದ ಸಾರ: ನಿಮ್ಮ ಆವೃತ್ತಿಯಲ್ಲಿ ಭದ್ರತಾ ದೋಷವಿದೆ, ಈ ಕೊಂಡಿಯಿಂದ ಹೊಸದನ್ನು ಇಳಿಸಿಕೊಳ್ಳಿ. ಕೊಂಡಿ ಹೋಗುತ್ತಿದ್ದದ್ದು ಗಿಟ್‌ಹಬ್‌ನಲ್ಲಿ ಕಳ್ಳರೇ ತೆರೆದಿಟ್ಟ ಪುಟಕ್ಕೆ. ಇಳಿಸಿಕೊಂಡ ನಕಲಿ ವ್ಯಾಲೆಟ್ ತೆರೆಯುತ್ತಿದ್ದಂತೆ ಎರಡನೇ ಹಂತದ ದೃಢೀಕರಣ ಸಂಖ್ಯೆ ಕೇಳುತ್ತಿತ್ತು. ಅಸಲಿ ಎಲೆಕ್ಟ್ರಮ್ ಆ ಸಂಖ್ಯೆ ಕೇಳುವುದು ನಾಣ್ಯ ಕಳಿಸುವಾಗ ಮಾತ್ರ. ಆ ಸೂಕ್ಷ್ಮ ಗಮನಿಸಿದವರು ಬಚಾವಾದರು. ಉಳಿದವರ ಕೈಯಿಂದ ಕೆಲವೇ ದಿನಗಳಲ್ಲಿ 200ಕ್ಕೂ ಹೆಚ್ಚು ಬಿಟ್‌ಕಾಯಿನ್ ಹೋಯಿತು.

ಅಭಿವೃದ್ಧಿಪಡಿಸಿದವರು ಸರ್ವರ್‌ನ ಸಂದೇಶವನ್ನು ಹಾಗೆ ತೋರಿಸುವುದನ್ನು ನಿಲ್ಲಿಸಿದರು. ಹಳೆಯ ಆವೃತ್ತಿಗಳು ತಮ್ಮ ಜೊತೆ ಮಾತಾಡದಂತೆ ಅಸಲಿ ಸರ್ವರ್‌ಗಳು ನೋಡಿಕೊಂಡವು. ಕಳ್ಳರ ಮರುಪಟ್ಟು ಇನ್ನೂ ಹರಿತ: 2019ರ ಏಪ್ರಿಲ್‌ನಲ್ಲಿ ಲಕ್ಷಕ್ಕೂ ಮೀರಿದ ಸೋಂಕಿತ ಕಂಪ್ಯೂಟರ್‌ಗಳಿಂದ ಅಸಲಿ ಸರ್ವರ್‌ಗಳ ಮೇಲೆಯೇ ಬೇಡಿಕೆಗಳ ಪ್ರವಾಹ ಹರಿಸಿ ಅವನ್ನು ಉಸಿರುಗಟ್ಟಿಸಿದರು. ಪ್ರಾಮಾಣಿಕ ಸರ್ವರ್ ಸಿಗದೆ ಒದ್ದಾಡುವ ವ್ಯಾಲೆಟ್ ಕೊನೆಗೆ ಕಳ್ಳ ಸರ್ವರ್‌ನ ಮಡಿಲಿಗೆ ಬೀಳಲಿ ಎಂಬ ಲೆಕ್ಕಾಚಾರ. ಸಿಂಕ್ ತೊಂದರೆಯನ್ನು ಕಳ್ಳರೇ ತಯಾರಿಸಿದ್ದಕ್ಕೆ ದಾಖಲೆ ಇದು.

ನಮ್ಮ ಬೀರುವಿನ ಲ್ಯಾಪ್‌ಟಾಪ್‌ಗಳಿಗೆ ನೇರವಾಗಿ ಸಂಬಂಧಿಸಿದ್ದು 2020ರ ಆಗಸ್ಟ್‌ನ ಪ್ರಕರಣ. ಒಬ್ಬಾತ 2017ರಿಂದ ಮುಟ್ಟದೇ ಇದ್ದ ಎಲೆಕ್ಟ್ರಮ್ ವ್ಯಾಲೆಟ್ ತೆರೆದ. ಒಳಗೆ 1,400 ಬಿಟ್‌ಕಾಯಿನ್, ಆಗಿನ ಬೆಲೆಗೆ ಸುಮಾರು 1.6 ಕೋಟಿ ಡಾಲರ್. ತಂತ್ರಾಂಶ ಹಳೆಯದು, ದೋಷ ಹಾಗೇ ಇತ್ತು. ಸ್ವಲ್ಪ ಮೊತ್ತ ಕಳಿಸಲು ಹೋದಾಗ ನವೀಕರಿಸಿ ಎಂಬ ಸಂದೇಶ ಬಂತು, ನವೀಕರಿಸಿದ, ಅಷ್ಟೂ ಖಾಲಿ. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ಈ ಒಂದೇ ತಂತ್ರದಿಂದ ಹೋದ ಮೊತ್ತ 2.2 ಕೋಟಿ ಡಾಲರ್ ಮೀರಿತ್ತೆಂದು ವರದಿಯಾಯಿತು. ದೋಷ ಸರಿಪಡಿಸಿ ಹೆಚ್ಚುಕಡಿಮೆ ಎರಡು ವರ್ಷವಾಗಿದ್ದರೂ ಅದು ಮಲಗಿದ್ದ ಯಂತ್ರಗಳಲ್ಲಿ ಜೀವಂತವಾಗಿತ್ತು. 2017ರಲ್ಲಿ ಮುಚ್ಚಿಟ್ಟ ವ್ಯಾಲೆಟ್ ಇಂದು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ತೆರೆದರೆ ಆತ ಇದ್ದ ಜಾಗದಲ್ಲೇ ನಾವಿರುತ್ತೇವೆ.

ಹೊಸ ಆವೃತ್ತಿ ಬೇಕು, ನಿಜ. ಅದನ್ನು ತರುವ ದಾರಿಯಲ್ಲಿ ಗುಂಡಿಗಳಿವೆ. 2018ರಲ್ಲಿ ‘ಎಲೆಕ್ಟ್ರಮ್ ಪ್ರೊ’ ಎಂಬುದೊಂದು ಡಾಟ್‌ಕಾಮ್ ವಿಳಾಸದಲ್ಲಿ ಅಸಲಿಯಂತೆ ನಿಂತು ಸೀಡ್ ಪದಗಳನ್ನು, ಅಂದರೆ ವ್ಯಾಲೆಟ್‌ನ ಕೀಗಳನ್ನೆಲ್ಲ ಮರಳಿ ಹುಟ್ಟಿಸಬಲ್ಲ ಗುಟ್ಟಿನ ಪದಗಳ ಸಾಲನ್ನು, ಕದಿಯುತ್ತಿತ್ತು, ಅಸಲಿಯದ್ದು ಡಾಟ್‌ಆರ್ಗ್. ‘ಅಧಿಕೃತ ಸ್ಟೋರ್‌ನಿಂದ ಇಳಿಸಿದ್ದೇನೆ, ಭಯವೇನು’ ಎನ್ನುವವರು 2023ರ ನವೆಂಬರ್ ನೆನೆಯಲಿ: ಮೈಕ್ರೋಸಾಫ್ಟ್‌ನ ಸ್ಟೋರ್‌ನಲ್ಲೇ ‘ಲೆಡ್ಜರ್ ಲೈವ್’ ವ್ಯಾಲೆಟ್ ಆ್ಯಪ್‌ನ ಹೆಸರಿನ ನಕಲಿ ಕೂತು 16ಕ್ಕೂ ಹೆಚ್ಚು ಬಿಟ್‌ಕಾಯಿನ್ ನುಂಗಿತು. ಮೂರು ತಿಂಗಳಿಗೆ ಲಿನಕ್ಸ್‌ನವರ ಸ್ನ್ಯಾಪ್ ಸ್ಟೋರ್‌ನಲ್ಲಿ ‘ಎಕ್ಸೋಡಸ್’ ವ್ಯಾಲೆಟ್‌ನ ನಕಲಿಗೆ ಒಬ್ಬರೇ 9 ಬಿಟ್‌ಕಾಯಿನ್ ತೆತ್ತರು. ಸ್ಟೋರ್‌ನ ಮೊಹರು ಕಾವಲುಗಾರನಲ್ಲ. ತಯಾರಕರ ತಾಣದ ವಿಳಾಸವನ್ನು ಕೈಯಾರೆ ಟೈಪಿಸಿ ಹೋಗಿ, ಇಳಿಸಿದ ಫೈಲಿಗೆ ಅವರು ಹಾಕಿದ ಡಿಜಿಟಲ್ ಸಹಿಯನ್ನು ತಾಳೆ ನೋಡುವುದೇ ದಾರಿ. ಕಿರಿಕಿರಿಯ ಕೆಲಸ, ಒಪ್ಪುತ್ತೇನೆ. ಮನೆಯಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿದ್ದರೆ ಅವರಿಂದ ಮಾಡಿಸಿಕೊಳ್ಳಬಹುದು.

ಇನ್ನು ‘ಸಿಂಕ್’ ಹೆಸರನ್ನೇ ಬೋರ್ಡಾಗಿ ತೂಗುಹಾಕಿಕೊಂಡ ಅಂಗಡಿಗಳು. ಟೆಲಿಗ್ರಾಂ ಗುಂಪಿನಲ್ಲೋ ಎಕ್ಸ್‌ನಲ್ಲೋ ‘ಬ್ಯಾಲೆನ್ಸ್ ಕಾಣುತ್ತಿಲ್ಲ’ ಎಂದು ಒಂದು ಸಾಲು ಬರೆದು ನೋಡಿ. ‘ಸಪೋರ್ಟ್’ ಎಂಬ ಹೆಸರಿನವರು ಸಾಲುಗಟ್ಟಿ ಖಾಸಗಿ ಸಂದೇಶಕ್ಕೆ ಬರುತ್ತಾರೆ. ಬಹಳ ಮರ್ಯಾದೆಯಿಂದ ಮಾತಾಡಿ ಒಂದು ಪುಟಕ್ಕೆ ಕಳಿಸುತ್ತಾರೆ. ಅಲ್ಲಿ ‘ಸಿಂಕ್ರೊನೈಸ್’, ‘ವ್ಯಾಲಿಡೇಟ್’, ‘ಮಿಸ್ಸಿಂಗ್ ಬ್ಯಾಲೆನ್ಸ್’ ಎಂಬ ಗುಂಡಿಗಳು, ಕೆಳಗೆ ಹತ್ತಾರು ವ್ಯಾಲೆಟ್‌ಗಳ ಲಾಂಛನಗಳು. ಯಾವುದನ್ನೇ ಒತ್ತಿ, ಕೊನೆಗೆ ಬರುವುದು ಒಂದೇ ಪೆಟ್ಟಿಗೆ: ನಿಮ್ಮ 12 ಅಥವಾ 24 ಪದ ತುಂಬಿ. ತುಂಬಿದ ಮೇಲೆ ‘ದೋಷ, ಮತ್ತೆ ಪ್ರಯತ್ನಿಸಿ’ ಎಂದು ತೋರಿಸುವ ಪುಟಗಳೂ ಇವೆ. ಆ ಹೊತ್ತಿಗೆ ವ್ಯಾಲೆಟ್ ಬರಿದಾಗಿರುತ್ತದೆ. ಅನುಮಾನಪಡುವ ಗಿರಾಕಿಗೆ ಇನ್ನೊಂದು ದಾರಿ ಇಟ್ಟಿದ್ದಾರೆ, ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ ಪರದೆಯನ್ನೇ ವಶಕ್ಕೆ ತೆಗೆದುಕೊಳ್ಳುವುದು. ಬ್ಲಾಕ್‌ಚೈನ್ ಓದಲು ಸೀಡ್ ಪದ ಹೊರಗಿನ ಯಾರಿಗೂ ಬೇಕಿಲ್ಲ. ಸಿಂಕ್ ಸರಿಪಡಿಸಲು ಅದನ್ನು ಕೇಳಿದವನು ಕಳ್ಳ, ಇದಕ್ಕೆ ವಿನಾಯಿತಿಯಿಲ್ಲ.

ಹೊಸ ಯಂತ್ರದಲ್ಲಿ ಅಸಲಿ ವ್ಯಾಲೆಟ್ ಹಾಕಿ, ಹಳೆಯ ಸೀಡ್ ಪದ ತುಂಬಿ, ಪೂರ್ತಿ ಸಿಂಕ್ ಆದ ಮೇಲೂ ಸೊನ್ನೆ ಬರುವುದುಂಟು. ಕಳ್ಳರ ಬಳಿ ಓಡುವವರಲ್ಲಿ ಈ ಹಂತದವರೇ ಜಾಸ್ತಿ ಎಂಬುದು ನನ್ನ ಅನಿಸಿಕೆ, ಏಕೆಂದರೆ ಇವರ ಕೈಲಿ ಮಾಡಲು ಬೇರೇನೂ ಉಳಿದಂತೆ ಕಾಣುವುದಿಲ್ಲ. ಕಾರಣ ಸಾಮಾನ್ಯವಾಗಿ ಸರಳ. ಒಂದೇ ಸೀಡ್‌ನಿಂದ ಎಣಿಸಲಾಗದಷ್ಟು ವಿಳಾಸಗಳು ಹುಟ್ಟುತ್ತವೆ, ಯಾವ ಕವಲಿನಿಂದ ಹುಟ್ಟಿಸಬೇಕು ಎಂಬುದು ವ್ಯಾಲೆಟ್‌ನಿಂದ ವ್ಯಾಲೆಟ್‌ಗೆ ಬೇರೆ. ‘1’ರಿಂದ ಶುರುವಾಗುವ ಹಳೆಯ ವಿಳಾಸಗಳಿದ್ದವರು ಹೊಸ ಮಾದರಿಯ ಕವಲು ಆಯ್ದರೆ ಏನೂ ಕಾಣದು. ಎಲೆಕ್ಟ್ರಮ್‌ನ ಸೀಡ್ ಪದ್ಧತಿಯೂ 2013ರಲ್ಲಿ ಬಂದು ಬಹುತೇಕರು ಅನುಸರಿಸುವ ಬಿಐಪಿ39 ಪದ್ಧತಿಯೂ ಒಂದೇ ಅಲ್ಲ. ಜೊತೆಗೆ, ಸತತ 20 ವಿಳಾಸಗಳಲ್ಲಿ ವಹಿವಾಟು ಕಾಣದಿದ್ದರೆ ವ್ಯಾಲೆಟ್ ಹುಡುಕುವುದನ್ನೇ ನಿಲ್ಲಿಸುತ್ತದೆ, ನಾಣ್ಯ 30ನೆಯದರಲ್ಲಿದ್ದರೆ ಕಣ್ಣಿಗೆ ಬೀಳದು. ಮೊನೆರೊ ಎಂಬ ಇನ್ನೊಂದು ನಾಣ್ಯ ಬಳಸುವವರು ಯಾವ ಬ್ಲಾಕಿನಿಂದ ಹುಡುಕಬೇಕೆಂಬ ಸಂಖ್ಯೆಯನ್ನು ತಪ್ಪಾಗಿ ಕೊಟ್ಟಿರುತ್ತಾರೆ. ಇವೆಲ್ಲ ಸೆಟ್ಟಿಂಗ್‌ನಲ್ಲೇ ಸರಿಯಾಗುವ ವಿಷಯಗಳು. ನಾಣ್ಯ ಇದೆಯೇ ಎಂಬ ಒಂದೇ ಸಂಶಯಕ್ಕಾದರೆ, ಹಳೆಯ ಮೇಲ್‌ನಲ್ಲೋ ಎಕ್ಸ್‌ಚೇಂಜ್‌ನ ದಾಖಲೆಯಲ್ಲೋ ಇರುವ ನಿಮ್ಮ ವಿಳಾಸವನ್ನು ಬ್ಲಾಕ್ ಎಕ್ಸ್‌ಪ್ಲೋರರ್‌ನಲ್ಲಿ, ಅಂದರೆ ಬ್ಲಾಕ್‌ಚೈನ್‌ನ ಲೆಕ್ಕ ಹುಡುಕಿ ತೋರಿಸುವ ಜಾಲತಾಣದಲ್ಲಿ, ಹಾಕಿ ನೋಡಬಹುದು. ವಿಳಾಸ ಬಹಿರಂಗದ್ದು, ಅದನ್ನು ತೋರಿಸಿದರೆ ಯಾರೂ ಕದಿಯಲಾರರು.

ಪರದೆಯ ಅಂಕಿ ಇನ್ನೊಂದು ದಿಕ್ಕಿನಲ್ಲೂ ಸುಳ್ಳಾಡಬಲ್ಲದು, ಅದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. 2021ರ ಜನವರಿಯಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಹ್ಯಾಕಿಂಗ್ ಪ್ರಕರಣವೊಂದರಲ್ಲಿ 31 ಬಿಟ್‌ಕಾಯಿನ್ ವಶಪಡಿಸಿಕೊಂಡಿದ್ದಾಗಿ ಪ್ರಕಟಿಸಿದರು. ಆಮೇಲೆ ತೆರೆದು ನೋಡಿದರೆ ಅದೇ ವ್ಯಾಲೆಟ್‌ನಲ್ಲಿ 186ಕ್ಕೂ ಹೆಚ್ಚು! ಅದು ಎಕ್ಸ್‌ಚೇಂಜ್ ಒಂದರ ಚಾಲ್ತಿ ವ್ಯಾಲೆಟ್, ಅದರ ಪ್ರೈವೇಟ್ ಕೀ ಆರೋಪಿಯ ಬಳಿ ಇರಲೇ ಇಲ್ಲ ಎಂದು ತಜ್ಞರು ಹೇಳಿದ್ದನ್ನು ಅದೇ ವರ್ಷದ ನವೆಂಬರ್‌ನಲ್ಲಿ ಪೊಲೀಸರೇ ತಿಳಿಸಿದರು. ಯಾರ ವಿಳಾಸವನ್ನು ಬೇಕಾದರೂ ‘ನೋಡಲಷ್ಟೇ’ ಎಂದು ವ್ಯಾಲೆಟ್‌ಗೆ ಸೇರಿಸಿಕೊಳ್ಳಬಹುದು, ಮೊತ್ತ ಚೆನ್ನಾಗಿಯೇ ಕಾಣುತ್ತದೆ. ಖರ್ಚು ಮಾಡಲು ಕೀ ಬೇಕು. ‘ನಿಮ್ಮ ಹಳೆಯ ನಾಣ್ಯ ಸಿಕ್ಕಿದೆ, ಇಗೋ ನೋಡಿ’ ಎಂದು ದೊಡ್ಡ ಮೊತ್ತದ ಪರದೆ ತೋರಿಸಿ ಶುಲ್ಕ ಕೇಳುವ ‘ರಿಕವರಿ’ ಏಜೆಂಟರ ಬಂಡವಾಳವೂ ಇದೇ.

ಸರ್ಕಾರ ಮತ್ತು ಪೊಲೀಸರಿಂದ ನಾವು ಕೇಳುವುದು ದೊಡ್ಡದೇನಲ್ಲ. ಒಟಿಪಿ ಯಾರಿಗೂ ಹೇಳಬೇಡಿ ಎಂಬ ಮಾತು ಬ್ಯಾಂಕ್, ಬಸ್ ನಿಲ್ದಾಣ, ಫೋನಿನ ಕಾಲರ್ ಟ್ಯೂನ್ ಎಲ್ಲದರಲ್ಲೂ ಕೇಳಿ ಜನರ ನಾಲಗೆಗೆ ಬಂದಿದೆ. ಸೀಡ್ ಪದಗಳ ವಿಚಾರದಲ್ಲಿ ಅಂಥ ಒಂದು ಸಾಲೂ ಇಲ್ಲ. ಕ್ರಿಪ್ಟೊ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ 30ರಷ್ಟು ತೆರಿಗೆ, ಅದೇ ಜುಲೈನಿಂದ ಶೇ 1ರಷ್ಟು ಟಿಡಿಎಸ್ ವಸೂಲಿ ಮಾಡುತ್ತಿರುವ ಕೇಂದ್ರ ಸರ್ಕಾರಕ್ಕೆ ಆ ಒಂದು ಸಾಲು ಹೇಳುವ ಹೊಣೆ ಇದೆ. ‘ಜೂಜಾಡಿದವರು ಅನುಭವಿಸಲಿ’ ಎನ್ನುವ ಧೋರಣೆ ತೆರಿಗೆ ಪಡೆಯುವ ಕೈಗೆ ಒಪ್ಪುವುದಿಲ್ಲ. ಬ್ಯಾಂಕಿನ ದುಡ್ಡು ಹೋದಾಗ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬೇಗ ಕರೆ ಮಾಡಿದರೆ ಎದುರಿನ ಖಾತೆಯನ್ನು ತಡೆಹಿಡಿಯುವ ಅವಕಾಶವುಂಟು. ಬಿಟ್‌ಕಾಯಿನ್ ವಹಿವಾಟು ಬ್ಲಾಕಿಗೆ ಸೇರಿ ದೃಢವಾದ ಮೇಲೆ ಅದನ್ನು ಹಿಂತಿರುಗಿಸುವ ಮ್ಯಾನೇಜರ್ ಎಲ್ಲೂ ಇಲ್ಲ. ಕದ್ದ ನಾಣ್ಯ ಯಾವುದಾದರೂ ಎಕ್ಸ್‌ಚೇಂಜ್ ಮುಟ್ಟಿದರೆ ಅಲ್ಲಿ ಹಿಡಿಯಬಹುದು, ಅದಕ್ಕಾಗಿ ದೂರು ಕೊಡಲೇಬೇಕು, ಕಳ್ಳನ ವಿಳಾಸ ಮತ್ತು ವಹಿವಾಟಿನ ಗುರುತು ಸಂಖ್ಯೆ ಸಮೇತ. ಜಿಲ್ಲೆಗಳ ಸೈಬರ್ ಠಾಣೆಗಳಲ್ಲಿ ಇವೆರಡನ್ನು ಕೇಳಿ ಬರೆದುಕೊಳ್ಳುವಷ್ಟು ತರಬೇತಿ ಎಲ್ಲ ಸಿಬ್ಬಂದಿಗೂ ಆಗಬೇಕು.

ಹಳೆಯ ಲ್ಯಾಪ್‌ಟಾಪ್ ಇಳಿಸಿದವರಿಗೆ ಕೆಲಸದ ಕ್ರಮ ಇಷ್ಟು: ವ್ಯಾಲೆಟ್ ತೆರೆಯುವ ಮೊದಲೇ, ಇಂಟರ್‌ನೆಟ್ ಜೋಡಿಸುವ ಮೊದಲೇ, ವ್ಯಾಲೆಟ್ ಫೈಲನ್ನು ಎರಡು ಪೆನ್‌ಡ್ರೈವ್‌ಗೆ ನಕಲಿಸಿ ಬೇರೆ ಬೇರೆ ಕಡೆ ಇಡಿ. ಇದು ಅತಿ ಎಚ್ಚರವಲ್ಲ. 2025ರ ಅಕ್ಟೋಬರ್‌ನ ಬಿಟ್‌ಕಾಯಿನ್ ಕೋರ್ 30ನೇ ಆವೃತ್ತಿ ಹಳೆಯ ಮಾದರಿಯ ವ್ಯಾಲೆಟ್ ಫೈಲನ್ನು ನೇರವಾಗಿ ತೆರೆಯುವುದಿಲ್ಲ, ಹೊಸ ಮಾದರಿಗೆ ಬದಲಿಸಿಕೊಳ್ಳಬೇಕು. ಆ ಬದಲಾವಣೆ ವಿಫಲವಾದಾಗ, ಅಪರೂಪದ ಸಂದರ್ಭಗಳಲ್ಲಿ, ವ್ಯಾಲೆಟ್ ಫೈಲುಗಳೇ ಅಳಿಸಿಹೋಗಬಹುದಾದ ದೋಷ 30.0 ಮತ್ತು 30.1ರಲ್ಲಿ ಇದೆ ಎಂದು 2026ರ ಜನವರಿಯಲ್ಲಿ ಅದನ್ನು ರೂಪಿಸಿದವರೇ ಎಚ್ಚರಿಸಿದರು. ನಕಲು ಮಾಡಿಟ್ಟವರಿಗೆ ಅದು ಬರೀ ಸುದ್ದಿ. ನಕಲಾದ ಮೇಲೆ ತಾರೀಕು ಸರಿಮಾಡಿ, ಡಿಸ್ಕ್‌ನ ಜಾಗ ನೋಡಿ, ಹೊಸ ಆವೃತ್ತಿಯನ್ನು ಅಸಲಿ ತಾಣದಿಂದ ತನ್ನಿ. ಸಿಂಕ್ ಮುಗಿಯುವವರೆಗೆ ಏನನ್ನೂ ಕಳಿಸಲು ಹೋಗಬೇಡಿ. ಎಲೆಕ್ಟ್ರಮ್‌ನಲ್ಲಿ ಹಸಿರು ಚುಕ್ಕಿ ಬರದಿದ್ದರೆ ಸರ್ವರ್ ಬದಲಿಸಿ ನೋಡಿ, ಆಗದಿದ್ದರೆ ಯಂತ್ರ ಮುಚ್ಚಿ ನಾಳೆ ನೋಡಿ. ಇಲ್ಲಿ ಅವಸರ ಇರುವುದು ಕಳ್ಳನಿಗೆ ಮಾತ್ರ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗೋ ಊರಿನ ಕಂಪ್ಯೂಟರ್ ರಿಪೇರಿಯವರಿಗೋ ಆ ಲ್ಯಾಪ್‌ಟಾಪ್ ಕೊಡುವವರು, ಪೆನ್‌ಡ್ರೈವ್‌ಗೆ ಇಳಿಸಿದ ನಕಲು ಬೇರೊಂದು ಯಂತ್ರದಲ್ಲಿ ಕಾಣುತ್ತದೆಯೇ ಎಂದು ನೋಡಿಯೇ ಕೊಡಿ. ‘ಸ್ಲೋ ಆಗಿದೆ, ಸ್ವಲ್ಪ ನೋಡಿ’ ಎಂದು ಬಿಟ್ಟುಬಂದರೆ, ಆ ಹುಡುಗರು ಮೊದಲು ಮಾಡುವ ಕೆಲಸ ಫಾರ್ಮ್ಯಾಟ್. ಫೋಟೊ, ಡಾಕ್ಯುಮೆಂಟ್ ಬೇಕೇ ಎಂದು ಕೇಳುತ್ತಾರೆ. ವ್ಯಾಲೆಟ್ ಫೈಲು ಬೇಕೇ ಎಂದು ಕೇಳುವುದಿಲ್ಲ.